ಮೋಕ್ಷಾಳ ಉಲ್ಟಾ ಫ್ರಾಕು

ಕಡಿಯಾಳಿಯಲ್ಲಿ ನನ್ನ ಟೈಲರಿಂಗ್ ಅಂಗಡಿಗೆ ಇಪ್ಪತ್ತೆರಡು ವರ್ಷ. ಗುಣವತಿ ಹೊಲಿದ ಬ್ಲೌಸನ್ನು ತಿರುಗಿಸಿ ನೋಡಿದರೂ ಒಂದು ನೂಲು ಜೋತಾಡುವುದಿಲ್ಲ ಎಂದು ಪರ್ಕಳದಿಂದಲೂ ಹೆಂಗಸರು ಹುಡುಕಿಕೊಂಡು ಬರುತ್ತಾರೆ. ಇಷ್ಟು ಹೆಸರಿದ್ದು ಏನು ಬಂತು? ನನ್ನ ಒಂಬತ್ತು ವರ್ಷದ ಮಗಳು ಮೋಕ್ಷಾ ನಾನು ಹೊಲಿದದ್ದು ಒಂದನ್ನೂ ಹಾಕುತ್ತಿರಲಿಲ್ಲ. ಅವಳಿಗೆ ಬೇಕಾದದ್ದು ತೊಳೆದು ತೊಳೆದು ಬಣ್ಣ ಹೋದ ಒಂದು ಹಳೇ ಅಂಗಿ. ಅದನ್ನೂ ಉಲ್ಟಾ ಹಾಕುವುದು!

ಮೋಕ್ಷಾಳಿಗೆ ಆಟಿಸಂ. ಡಾಕ್ಟರು ಆ ಮಾತು ಹೇಳಿ ಐದು ವರ್ಷವಾಯಿತು. ಮಾತು ಕಡಿಮೆ, ಆಡಿದರೆ ನೇರ. ಅವಳಿಗಾಗಿ ನಾನೂ ಸುಮಾರು ಬದಲಾಗಿದ್ದೆ. ಮಿಕ್ಸಿ ಹಾಕುವ ಮೊದಲು ಅವಳಿಗೆ ಹೇಳುತ್ತಿದ್ದೆ, ಗಂಜಿಯ ಬಟ್ಟಲಿಗೆ ಉಪ್ಪಿನಕಾಯಿ ತಾಗದ ಹಾಗೆ ನೋಡಿಕೊಳ್ಳುತ್ತಿದ್ದೆ. ಆದರೆ ಬಟ್ಟೆಯ ವಿಷಯಕ್ಕೆ ಬಂದರೆ ನನ್ನ ತಲೆ ಕೆಡುತ್ತಿತ್ತು. ಅವಳು "ಚುಚ್ಚುತ್ತದೆ" ಎನ್ನುತ್ತಿದ್ದಳು. "ಹಠ, ಬರೀ ಹಠ!" ಎಂದು ನಾನು ಬೈಯುತ್ತಿದ್ದೆ. ಎಂತ ಚುಚ್ಚುವುದು? ಸೂಜಿ ಒಳಗೇ ಬಿಟ್ಟು ಹೊಲಿಯುತ್ತೇನಾ ನಾನು?

ಕಳೆದ ವರ್ಷ ಕಾರ್ಕಳದಲ್ಲಿ ನಾದಿನಿಯ ಹೊಸ ಮನೆಯ ಒಕ್ಕಲು. ಈ ಹಠ ಬಿಡಿಸಿಯೇ ತೀರುತ್ತೇನೆ ಎಂದು ಮಗಳಿಗೆ ಜರಿ ಲಂಗ ತೊಡಿಸಿ ಕರೆದುಕೊಂಡು ಹೋದೆ. ಪಂಕ್ತಿಯ ನಡುವೆ ಅದನ್ನು ಕಿತ್ತೆಸೆದು ಕಿರುಚಿದಳು ನೋಡಿ, ಬಡಿಸುವವರ ಸೌಟು ಗಾಳಿಯಲ್ಲೇ ನಿಂತಿತು. ಆಮೇಲೆ ನಾವು ಮೂವರೂ ಕಾರಿನಲ್ಲಿ ಕಿಟಕಿ ಏರಿಸಿ ಕೂತೆವು. ನನ್ನ ಗಂಡ ತಾರಾನಾಥರು ಲೋಟದಲ್ಲಿ ಪಾಯಸ ತಂದುಕೊಟ್ಟರು. ಅದು ನನ್ನ ಕೈಯಲ್ಲೇ ತಣ್ಣಗಾಯಿತು.

ಇನ್ನು ಯಾವ ಸಮಾರಂಭವೂ ಬೇಡ ಎಂದುಕೊಂಡಿದ್ದಾಗಲೇ ನನ್ನ ತಮ್ಮ ಉಜ್ವಲ್‌ನ ಮದುವೆ ನಿಶ್ಚಯವಾಯಿತು. ಮೋಕ್ಷಾ ಕೈ ಹಿಡಿಯಲು ಬಿಡುವುದು ಲೋಕದಲ್ಲಿ ಮೂರೇ ಜನರಿಗೆ. ನಾನು, ಅವಳ ಅಪ್ಪ, ಮತ್ತು ಈ ಮಾಮ.

"ಅಕ್ಕ, ಧಾರೆಯ ಹೊತ್ತಿಗೆ ಮೋಕ್ಷಾ ನನ್ನ ಪಕ್ಕದಲ್ಲಿ ಇರಬೇಕು. ಅವಳಿಲ್ಲದೆ ಎಂತ ಮದುವೆ ಮಾರಾಯ್ತಿ?" ಎಂದ.

ಹೇಳುವುದಕ್ಕೆ ಅವನಿಗೇನು! ಮಗಳನ್ನು ಬಿಟ್ಟು ಹೋಗಲು ಮನಸ್ಸಿಲ್ಲ, ಕರೆದುಕೊಂಡು ಹೋಗಲು ಧೈರ್ಯವಿಲ್ಲ.

ಮಣಿಪಾಲದಲ್ಲಿ ಮೋಕ್ಷಾಳಿಗೆ ಥೆರಪಿ ಮಾಡುವ ರೇಚಲ್ ಮುಂದೆ ಇದನ್ನೆಲ್ಲ ತೋಡಿಕೊಂಡೆ. ಅವರು ಮುಂದಿನ ಸಲ ಆ ಜರಿ ಲಂಗ ತರಿಸಿ, ಒಳಹೊಲಿಗೆಯನ್ನು ನನ್ನ ಕುತ್ತಿಗೆಗೆ ಮೆಲ್ಲನೆ ಉಜ್ಜಿದರು.

"ಏನಾದರೂ ಗೊತ್ತಾಗ್ತದಾ?"

"ಎಂತ ಇಲ್ಲ."

"ನಿಮಗೆ ಇಲ್ಲ. ಅವಳಿಗೆ ಇದು ಇಡೀ ದಿನ ಗೋಣಿಚೀಲ ಉಜ್ಜಿದ ಹಾಗೆ. ಮರೆತು ಆಟ ಆಡುವಾ ಅಂದ್ರೆ ಆಗುವುದಿಲ್ಲ."

ಇಪ್ಪತ್ತೆರಡು ವರ್ಷದ ಟೈಲರಿಗೆ ಈ ಹುಡುಗಿ ಹೊಲಿಗೆ ಪಾಠ ಮಾಡುತ್ತಾಳಲ್ಲ ಎಂದು ನನಗೆ ಉರಿದುಹೋಯಿತು. ಬಸ್ಸಿನಲ್ಲಿ ದಾರಿಯುದ್ದಕ್ಕೂ ಗೊಣಗಿದೆ. ಮನೆಗೆ ಬಂದು ನೋಡಿದರೆ ಮೋಕ್ಷಾ ತನ್ನ ಹಳೇ ಅಂಗಿಯಲ್ಲಿ ನೆಮ್ಮದಿಯಾಗಿ ಕೂತಿದ್ದಳು. ನುಣುಪು ಬದಿ ಮೈಗೆ, ಹೊಲಿಗೆಯೆಲ್ಲ ಹೊರಗೆ. ಇಷ್ಟು ವರ್ಷ ಮಗು ಹೇಳಿದ್ದು ಮಾತ್ರವಲ್ಲ, ತೋರಿಸಿಯೂ ಕೊಟ್ಟಿತ್ತು. ನಾನು ದಿನಾ ಬೆಳಿಗ್ಗೆ ಬೈದು ಅದನ್ನು "ಸರಿ" ಮಾಡಿ ತೊಡಿಸುತ್ತಿದ್ದೆ.

ಹಳದಿ ಹತ್ತಿ ಬಟ್ಟೆ ತಂದು ಹತ್ತು ಸಲ ತೊಳೆದೆ. ಹೊಲಿಗೆಯೆಲ್ಲ ಹೊರಗೆ ಬರುವ ಹಾಗೆ ಫ್ರಾಕು ಹೊಲಿದೆ. ಜನ ನೋಡುವ ಬದಿಯಲ್ಲಿ ಹೊಲಿಗೆಯ ಅಂಚು ಬಿಡಲು ಮನಸ್ಸಾಗದೆ ಎರಡು ಸಲ ಬಿಚ್ಚಿ ಮತ್ತೆ ಹೊಲಿದೆ, ಸುಳ್ಳು ಯಾಕೆ ಹೇಳಲಿ. ಮೋಕ್ಷಾ ಅದರೊಳಗೆ ಕೈ ಹಾಕಿ ನೋಡಿದಳು, ಕೆನ್ನೆಗೆ ತಾಗಿಸಿದಳು, ಹಾಕಿಕೊಂಡಳು. ಮೂರು ದಿನ ಬಿಚ್ಚಲಿಲ್ಲ. ಮದುವೆಗೆಂದು ತೊಳೆಯಲು ನಾನೇ ಕಾಡಿ ಬೇಡಿ ಬಿಚ್ಚಿಸಬೇಕಾಯಿತು.

ಮದುವೆಯ ದಿನ ಕಾಪುವಿನ ಹಾಲ್‌ನ ಬಾಗಿಲಲ್ಲೇ ಎರ್ಮಾಳಿನ ದೊಡ್ಡಮ್ಮ ಸಿಕ್ಕಿದರು.

"ಎಂತ ಗುಣಾ, ಮಗುವಿಗೆ ಫ್ರಾಕು ಉಲ್ಟಾ ಹಾಕಿದ್ದೀಯಲ್ಲ!"

"ಉಲ್ಟಾ ಅಲ್ಲ ದೊಡ್ಡಮ್ಮ, ಅವಳಿಗೆ ಅದೇ ಸರಿ. ನಾನೇ ಹೊಲಿದದ್ದು."

"ಅಯ್ಯೋ, ಗಿರಾಕಿಗಳು ನೋಡಿದರೆ ಎಂತ ಮಾಡಿಯಾರು?"

"ಆರ್ಡರ್ ಕೊಟ್ಟಾರು," ಎಂದೆ.

ಬಾಯಿ ಜೋರು ಮಾಡಿದೆನೇ ಹೊರತು ನನ್ನ ಕಿವಿ ಬಿಸಿಯಾಗಿತ್ತು. ಆದರೆ ಮೋಕ್ಷಾ! ವಾಲಗದ ಸದ್ದಿಗೆ ಹೆಡ್‌ಫೋನ್ ಹಾಕಿಕೊಂಡು, ಮಾಮನ ಶಾಲಿನ ತುದಿ ಹಿಡಿದು, ಧಾರೆ ಮುಗಿಯುವವರೆಗೆ ಅವನ ಪಕ್ಕದಲ್ಲೇ ನಿಂತಳು. ಉಜ್ವಲ್ ನನ್ನ ಕಡೆ ನೋಡಿ ಹುಬ್ಬು ಹಾರಿಸಿದ. ನಾನು ಎಲ್ಲರ ಮುಂದೆ ಗಳಗಳ ಅತ್ತುಬಿಟ್ಟೆ. ತಾರಾನಾಥರು ಕರ್ಚೀಫು ಕೊಟ್ಟು, ಮತ್ತೆ ಅದರಲ್ಲೇ ತಮ್ಮ ಕಣ್ಣೂ ಒರೆಸಿಕೊಂಡರು.

ಧಾರೆ ಸೀರೆಗೆ ಮದುಮಗಳು ಚೈತಾಲಿ ತೊಟ್ಟಿದ್ದ ಬ್ಲೌಸು ಕೂಡ ನನ್ನದೇ ಹೊಲಿಗೆ. ತೋಳಿಗೆ ಇಷ್ಟಗಲದ ಜರಿ ಅಂಚು. ನೋಡಿದವರೆಲ್ಲ ಹೊಗಳಿದ್ದೇ ಹೊಗಳಿದ್ದು. ನಾನು ಸ್ವಲ್ಪ ಉಬ್ಬಿಯೂ ಇದ್ದೆ.

ಊಟಕ್ಕೆ ಮೊದಲು ಗಲಾಟೆ ತಪ್ಪಿಸಲು ಮೋಕ್ಷಾಳನ್ನು ಮದುಮಗಳ ಕೋಣೆಗೆ ಕರೆದುಕೊಂಡು ಹೋದೆ. ಅಲ್ಲಿ ಚೈತಾಲಿ ಒಬ್ಬಳೇ ನಿಂತು, ತೋಳಿನ ಅಂಚಿನೊಳಗೆ ಹೇರ್‌ಪಿನ್ ತೂರಿಸಿ ಪರಪರ ಕೆರೆದುಕೊಳ್ಳುತ್ತಿದ್ದಳು. ನಮ್ಮನ್ನು ಕಂಡು ಪಿನ್ ಮುಚ್ಚಿಟ್ಟಳು.

"ಎಂತಾಯ್ತು?"

"ಎಂತ ಇಲ್ಲಕ್ಕ. ಬ್ಲೌಸು ಚೆನ್ನಾಗುಂಟು."

ನಾನು ತೋಳು ಮಡಚಿ ನೋಡಿದೆ. ಜರಿ ತಾಗಿದ ಕಡೆಯೆಲ್ಲ ಕೆಂಪು ಬರೆ.

"ಬೆಳಿಗ್ಗೆಯಿಂದ ಚುಚ್ಚುತ್ತಾ ಉಂಟು," ಎಂದು ಅವಳು ತಲೆ ತಗ್ಗಿಸಿದಳು. "ನೀವು ಅಷ್ಟು ಕಷ್ಟಪಟ್ಟು ಹೊಲಿದದ್ದು, ಹೇಗೆ ಹೇಳುವುದು ಅಂತ..."

"ಅಯ್ಯೋ ದೇವರೇ, ಹೇಳಬಾರದಾ? ಬಾಯಿ ಇರಲಿಲ್ವಾ ನಿನಗೆ?" ಎಂದು ಗದರಿದೆ. ಇಪ್ಪತ್ತೆರಡು ವರ್ಷದಲ್ಲಿ ಇನ್ನೆಷ್ಟು ಜನ ಹೀಗೆ ನಗುನಗುತ್ತಾ ಚುಚ್ಚಿಸಿಕೊಂಡು ಹೋದರೋ ಎಂದು ನೆನೆದು ನನ್ನ ಮೇಲೆ ನನಗೇ ಸಿಟ್ಟು ಬಂದಿತ್ತು.

ಮೋಕ್ಷಾ ಹೆಡ್‌ಫೋನ್ ಸರಿಸಿ ಹತ್ತಿರ ಬಂದಳು. ಆ ಕೆಂಪು ಬರೆಯನ್ನು ಬಹಳ ಹೊತ್ತು ನೋಡಿದಳು.

"ಅಮ್ಮ, ಮಾಮಿಗೆ ಹಠವಾ?"

ನಾನು ಕುರ್ಚಿಯಲ್ಲಿ ಕೂತು ಅವಳ ಎತ್ತರಕ್ಕೆ ಬಂದೆ.

"ಅಲ್ಲ ಮಗಾ. ಮಾಮಿಗೆ ಚುಚ್ಚುತ್ತದೆ." ಆಮೇಲೆ ಹೇಳಿದೆ, "ನಿನ್ನದೂ ಹಠ ಆಗಿರಲಿಲ್ಲ."

"ಗೊತ್ತುಂಟು," ಎಂದಳು. ನನ್ನ ಮುಖ ನೋಡಲಿಲ್ಲ. ತನ್ನ ಫ್ರಾಕಿನ ಹೊರಗಿನ ಹೊಲಿಗೆಯನ್ನು ಬೆರಳಿನಿಂದ ಸವರುತ್ತಿದ್ದಳು. "ಮಾಮಿದೂ ಉಲ್ಟಾ ಹಾಕು."

ಚೈತಾಲಿ ನನ್ನನ್ನೊಮ್ಮೆ, ಮೋಕ್ಷಾಳನ್ನೊಮ್ಮೆ ನೋಡಿದಳು. ಆಮೇಲೆ ಸೀರೆ ಎತ್ತಿ ಹಿಡಿದು ಓಡಿಹೋಗಿ ಕೋಣೆಯ ಚಿಲಕ ಒಳಗಿನಿಂದ ಹಾಕಿ, ಬ್ಲೌಸಿನ ಹುಕ್ಕು ಬಿಚ್ಚತೊಡಗಿದಳು.