ಮಹಿಮೆಗೆ ತಕ್ಕ ರೊಟ್ಟಿ

ಅಕ್ಕನ ಕೈಯ ರೊಟ್ಟಿ ತಿಂದು ಎಷ್ಟು ವರ್ಷವಾಯಿತು ಎಂದು ಶಿವಕಾಂತಾಳನ್ನು ಯಾರೂ ಕೇಳಬಾರದು. ಕೇಳಿದರೆ ಸೆರಗು ಕಣ್ಣಿಗೆ ಹೋಗುತ್ತದೆ. ಅಕ್ಕ ಏನು ಸಮುದ್ರದಾಚೆ ಇದ್ದಾಳೆಯೇ? ಇಲ್ಲಪ್ಪ, ಇಬ್ಬರೂ ಪುಣೆಯಲ್ಲೇ. ತಂಗಿ ಶಿವಾಜಿನಗರದ ಬಾಡಿಗೆ ಮನೆಯಲ್ಲಿ, ಅಕ್ಕ ಅಂಬಾಬಾಯಿ ಮಗರಪಟ್ಟಾದಲ್ಲಿ ಏಳುತ್ತಿರುವ ಕಟ್ಟಡಗಳ ಮಗ್ಗುಲಿಗೆ, ತಗಡಿನ ಶೆಡ್ಡಿನಲ್ಲಿ. ನಡುವೆ ಇರುವುದು ಬಸ್ಸಿನ ದಾರಿ ಅಷ್ಟೇ. ಆದರೂ ಹೋಗುವ ಹಾಗಿಲ್ಲ. ಕಾರಣ ಕೇಳಿದರೆ ಮೊದಲು ನಗು ಬರುತ್ತದೆ, ಆಮೇಲೆ ಮೈಯೆಲ್ಲ ಉರಿಯುತ್ತದೆ.

ಇಬ್ಬರೂ ಬೀದರ ಕಡೆಯ ಕ್ರೈಸ್ತ ಮನೆತನದವರು. ಅಜ್ಜನ ಕಾಲಕ್ಕೇ ಮಿಷನ್ ಸೇರಿದ್ದರು, ಹೆಸರುಗಳು ಮಾತ್ರ ಹಳೆಯವೇ ಉಳಿದಿದ್ದವು. ಅಕ್ಕನಿಗೆ ಗೋಡೆ ಕಟ್ಟುವ ಗೌಂಡಿ ಕಾಶಪ್ಪ ಗಂಡನಾದ, ತಂಗಿಗೆ ಧಾರವಾಡ ಕಡೆಯ ಗುಮಾಸ್ತ ನಿಜಲಿಂಗಪ್ಪ. ತೊಂಬತ್ತರ ದಶಕದ ಮೊದಲಿಗೆ ಅವರ ಕನ್ನಡ ಸಭೆ ಕೂಡುತ್ತಿದ್ದದ್ದು ಕಾಶಪ್ಪನ ಆಗಿನ ಶೆಡ್ಡಿನಲ್ಲೇ. ತಿಂಗಳ ಮೊದಲ ಭಾನುವಾರ, ಯೇಸುವಿನ ಕಡೆಯ ಊಟದ ನೆನಪಿಗೆ, ಕರ್ತನ ಭೋಜನ. ಅದಕ್ಕೆ ಒಂದೇ ಒಂದು ದೊಡ್ಡ ಜೋಳದ ರೊಟ್ಟಿ. ಅಕ್ಕ ತಟ್ಟುವುದು, ತಂಗಿ ಸುಡುವುದು. ಅದನ್ನೇ ಮುರಿದು ಗೌಂಡಿಗಳು, ಗುಮಾಸ್ತರು, ಇಟ್ಟಿಗೆ ಹೊರುವವರು ಎಲ್ಲರೂ ತಿನ್ನುತ್ತಿದ್ದರು. ಯಾರ ಗಂಟಲಲ್ಲೂ ಅದು ಸಿಕ್ಕಿಕೊಂಡಿರಲಿಲ್ಲ.

ಆಮೇಲೆ ಜನ ಹೆಚ್ಚಾದರು. ನಿಜಲಿಂಗಪ್ಪ ಓಡಾಡಿ ಶಿವಾಜಿನಗರದ ಕಡೆ ಮರಾಠಿ ಕ್ರೈಸ್ತರ ಒಂದು ದೇವಾಲಯವನ್ನು ಭಾನುವಾರ ಮಧ್ಯಾಹ್ನಗಳಿಗೆ ಗೊತ್ತುಮಾಡಿದ. ಕೆಂಪು ಜಮಖಾನೆ, ಬಣ್ಣದ ಗಾಜು, ನೋಡಿದರೆ ಕಣ್ಣು ತಂಪು. ಜೋಳದ ರೊಟ್ಟಿಗೆ ಜಮಖಾನೆಯ ಮರ್ಯಾದೆ ಏನು ಗೊತ್ತು? ಮುರಿದೊಡನೆ ಪುಡಿ ಉದುರಿತು. ಕಸ ಗುಡಿಸುವವನು ಮರಾಠಿಯಲ್ಲಿ ಗೊಣಗಿದ. ನಿಜಲಿಂಗಪ್ಪನಿಗೆ ಹೋದ ಮಾನ ಮತ್ತೆ ಬರಲೇ ಇಲ್ಲ. ಎಲ್ಲರೆದುರಿಗೇ ಹೇಳಿಬಿಟ್ಟ:

“ದೇವರ ಮಹಿಮೆಗೆ ತಕ್ಕದ್ದು ಇರಬೇಕ್ರಿ. ಇದು ಹೊಲದಾಗ ಬುತ್ತಿ ಬಿಚ್ಚಿದಂಗಾತು. ಬರೋ ತಿಂಗಳಿಂದ ರೊಟ್ಟಿ ಬದ್ಲಿ ತೆಳ್ಳನ ಬಿಳಿ ಬಿಲ್ಲೆ ತರಸ್ತೀನಿ.”

ಅಂಬಾಬಾಯಿ ಉಳಿದ ರೊಟ್ಟಿಯನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಮೆಟ್ಟಿಲಿಳಿದಳು. ಗೌಂಡಿಗಳ ಮನೆಮಂದಿಯೆಲ್ಲ ಹಿಂದೆಯೇ ಇಳಿದರು. ಹೀಗೆ ಒಂದು ಸಭೆ ಎರಡಾಯಿತು. ಸಿಟ್ಟು ಅಲ್ಲಿಗೆ ತಣಿಯಬೇಕಿತ್ತು, ತಣಿಯಲಿಲ್ಲ. ಆ ಸಭೆಯವರಿಗೆ ನಮ್ಮ ಭೋಜನವಿಲ್ಲ ಎಂದು ನಿಜಲಿಂಗಪ್ಪ ನೇಮ ಮಾಡಿದ. ಕಾಶಪ್ಪ ಕಡಿಮೆಯವನೇ? ಅವನೂ ಅದೇ ನೇಮ ಮಾಡಿದ. ಇಬ್ಬರ ಹಟದ ನಡುವೆ ಹೋಗಿಬರುವುದೂ ನಿಂತು ಅಕ್ಕತಂಗಿಯರು ನುಗ್ಗಾದರು. ಶಿವಕಾಂತಾ ಪ್ರತಿ ತಿಂಗಳೂ ಬಿಳಿ ಬಿಲ್ಲೆಯನ್ನು ನಾಲಗೆಯ ಮೇಲಿಟ್ಟುಕೊಂಡಾಗ ಅದು ಅಲ್ಲಿಯೇ ಕರಗಿ ಮಾಯವಾಗುತ್ತಿತ್ತು. ಅವಳು ಅಕ್ಕನನ್ನು ನೆನೆದು ಕಣ್ಣು ಮುಚ್ಚುತ್ತಿದ್ದಳು. ಭಕ್ತಿಯೆಂದು ಗಂಡ ತಿಳಿದಿದ್ದ.

ಎರಡು ಸಾವಿರದ ನಾಲ್ಕರಲ್ಲಿ ಹೆಂಗಸರೇ ಆರಾಧನೆ ನಡೆಸುವ ಮಹಿಳೆಯರ ಭಾನುವಾರದಂದು ಸಭೆಯೆದುರು ನಿಂತು ಬೋಧಿಸುವ ಪ್ರಸಂಗ ಅವಳ ಪಾಲಿಗೆ ಬಂತು. ಕೊಟ್ಟ ವಿಷಯ, ಕರ್ತನು ಹಿಡಿದುಕೊಡಲ್ಪಟ್ಟ ರಾತ್ರಿ ತಂದೆಗೆ ಮಾಡಿದ ಪ್ರಾರ್ಥನೆ. ತಂದೆ ತನಗಿತ್ತ ಮಹಿಮೆಯನ್ನು ಅವನು ಶಿಷ್ಯರಿಗೆ ಕೊಟ್ಟುಬಿಟ್ಟಿದ್ದನಂತೆ, ಅವರೆಲ್ಲ ಒಂದಾಗಿರಲಿ ಎಂದು. ಅಡುಗೆಮನೆಯಲ್ಲಿ ಅವಳು ಅದನ್ನೇ ಮೆಲುಕು ಹಾಕಿದಳು. ಕೊನೆಗೆ ಊಟಕ್ಕೆ ಕೂತ ಗಂಡನನ್ನು ಕೇಳಿದಳು.

“ಮಹಿಮಾ ಅಂದ್ರ ಏನ್ರಿ?”

“ತೇಜಸ್ಸು. ಸಿಂಹಾಸನ. ದೇವದೂತರು ಹಾಡೋದು. ಚಂದಾಗಿ ಹೇಳು, ಮರಾಠಿ ಸಭಾದವರೂ ಬರ್ತಾರ.”

“ಅವರಿಗೆ ಕೊಟ್ಟೀನಿ ಅಂತಾನಲ್ರಿ. ಮೀನ ಹಿಡಿಯವರ ಮನಿಯಾಗ ಸಿಂಹಾಸನ ಎಲ್ಲಿತ್ತು? ಆ ರಾತ್ರಿ ಅವರಿಗೆ ಸಿಕ್ಕಿದ್ದು ಒಂದು ತುಂಡು ರೊಟ್ಟಿ. ಅವನ ಕೈಲೆ ಕಾಲು ತೊಳಸ್ಕೊಂಡ್ರು. ಮರುದಿನ ಅವಂದು ಶಿಲುಬಿ. ಅದನ್ನ ಅವ ಮಹಿಮಾ ಅಂದ.”

“ನೀ ಭಾಳ ತಿಳಕೊಂಡಿ,” ಎಂದು ನಿಜಲಿಂಗಪ್ಪ ಮಜ್ಜಿಗೆ ಸುರುವಿಕೊಂಡ.

ಆ ವಾರವೇ ಸಂತೆಯಲ್ಲಿ ಒಬ್ಬಳು ಸುದ್ದಿ ಹೇಳಿದಳು. ಮಗರಪಟ್ಟಾದ ಆ ಕೆಲಸ ಮುಗಿಯಿತಂತೆ, ಕಾಶಪ್ಪನ ಜನವೆಲ್ಲ ನಾಗಪುರಕ್ಕೆ ಹೊರಟರಂತೆ, ಈ ಭಾನುವಾರವೇ ಶೆಡ್ಡಿನಲ್ಲಿ ಕಡೆಯ ಭೋಜನವಂತೆ. ಶಿವಕಾಂತಾಳ ಪ್ರಸಂಗವೂ ಅದೇ ಭಾನುವಾರ. ಒಂದಾಗಿರುವುದರ ಬಗ್ಗೆ ಜಮಖಾನೆಯ ಮೇಲೆ ನಿಂತು ಯಾವ ಬಾಯಿಂದ ಮಾತಾಡುವುದು?

ಭಾನುವಾರ ಅವಳು ಇಸ್ತ್ರಿ ಮಾಡಿದ ಸೀರೆ ಉಟ್ಟು ಹೊರಬಿದ್ದಳು. ಗಂಡ ಆಗಲೇ ದೇವಾಲಯಕ್ಕೆ ಹೋಗಿ ಕುರ್ಚಿ ಹಾಕಿಸುತ್ತಿದ್ದ. ಇವಳು ಮಗರಪಟ್ಟಾದ ಕಡೆ ಹೋಗುವ ಹಡಪಸರದ ಬಸ್ಸು ಹತ್ತಿದಳು. “ಪುಢೆ ಚಲಾ, ಪುಢೆ ಚಲಾ,” ಎಂದು ಕಂಡಕ್ಟರ್ ಎಲ್ಲರನ್ನೂ ಮುಂದಕ್ಕೆ ದಬ್ಬಿದ. ತನ್ನ ಜೀವನದಲ್ಲಿ ಮೊದಲ ಬಾರಿಗೆ ಅವಳು ಮುಂದಕ್ಕೆ ಹೋಗುತ್ತಿದ್ದಳು.

ಶೆಡ್ಡಿನಲ್ಲಿ ಹಾಡು ಮುಗಿದಿತ್ತು. ಕಟ್ಟಿದ ಮೂಟೆಗಳು ಗೋಡೆಗೆ ಒರಗಿದ್ದವು. ಶಿವಕಾಂತಾ ಹಿಂದಿನ ಸಾಲಿನ ಚಾಪೆಯ ಮೇಲೆ ಕೂತಳು. ಹೆಂಗಸರು ಹೊರಳಿ ನೋಡಿದರು. ಮುಂದೆ ಕೂತಿದ್ದ ಅಂಬಾಬಾಯಿಯೂ ನೋಡಿದಳು, ತಿರುಗಿಕೊಂಡಳು. ಅಕ್ಕನ ಕೂದಲು ಪೂರ್ತಿ ಬೆಳ್ಳಗಾಗಿತ್ತು. ಅದು ಯಾವಾಗ ಆಯಿತೋ ತನಗೆ ಗೊತ್ತೇ ಆಗಲಿಲ್ಲವಲ್ಲ ಎಂದು ಅವಳು ಅದನ್ನೇ ನೋಡುತ್ತ ಕೂತಳು.

ಕಾಶಪ್ಪ ರೊಟ್ಟಿ ಮುರಿದ. ತಟ್ಟೆ ಹಿಡಿದು ಸಾಲು ಸಾಲಾಗಿ ಬಂದ. ಶಿವಕಾಂತಾ ಕೈಯೊಡ್ಡಿದಳು. ಅವನ ತಟ್ಟೆ ಅಲ್ಲಿಯೇ ನಿಂತಿತು.

“ತಂಗೀ, ನಿನ್ನ ಮ್ಯಾಲ ನಂಗ ಸಿಟ್ಟಿಲ್ಲ,” ಎಂದ ತಗ್ಗಿದ ದನಿಯಲ್ಲಿ. “ಆದ್ರ ನೇಮ ಅದ. ನಾನೇ ಮಾಡೀನಿ. ಇಷ್ಟು ಮಂದಿ ಎದುರಿಗೆ ನಾನೇ ಹ್ಯಾಂಗ ಮುರೀಲಿ?”

“ಇರ್ಲಿ ಭಾವಾ,” ಎಂದು ಶಿವಕಾಂತಾ ಕೈ ಮಡಿಲಿಗೆ ತೆಗೆದುಕೊಂಡಳು. ನಾಚಿಕೆಯಿಂದ ನೆಲ ಬಾಯಿಬಿಡಬಾರದೇ ಎನಿಸಿತು. ಎದ್ದು ಹೋಗಬೇಕೆಂದುಕೊಂಡಳು. ಆದರೆ ಅಷ್ಟು ಹತ್ತಿರ ಬಂದ ಜೋಳದ ವಾಸನೆಯನ್ನು ಬಿಟ್ಟು ಹೋಗುವುದು ಅವಳಿಂದಾಗಲಿಲ್ಲ.

ರೊಟ್ಟಿ ಮಾಡಿದವಳು ಎಲ್ಲರಿಗೂ ಆದ ಮೇಲೆ ತೆಗೆದುಕೊಳ್ಳುವುದು ಅಲ್ಲಿಯ ರೂಢಿ. ಎಲ್ಲರಿಗೂ ಆಯಿತು. ಕಾಶಪ್ಪ ತಟ್ಟೆಯನ್ನು ಹೆಂಡತಿಯ ಮುಂದೆ ಹಿಡಿದ. ಅಂಬಾಬಾಯಿ ನೆಲಕ್ಕೆ ಕೈಯೂರಿ ಎದ್ದಳು, ಮೊಳಕಾಲು ಹಿಡಿದುಕೊಳ್ಳುತ್ತ ಸಾಲು ದಾಟಿ ಹಿಂದೆ ಬಂದಳು. ತಂಗಿಯ ಪಕ್ಕದಲ್ಲಿ ಕೂತಳು. ಕಾಶಪ್ಪ ತಟ್ಟೆ ಹಿಡಿದುಕೊಂಡೇ ಹಿಂದೆ ಬಂದ.

“ತೊಗೋ.”

“ಬ್ಯಾಡ.”

“ಯಾಕ?”

“ನಮ್ಮ ಶಿವಿ ಹಸದು ಕುಂತಾಳ. ನಾ ಹ್ಯಾಂಗ ತಿನ್ಲಿ?”

ಕಾಶಪ್ಪ ಹೆಂಡತಿಯನ್ನು ನೋಡಿದ, ನಾದಿನಿಯನ್ನು ನೋಡಿದ. ನೇಮ ಮುರಿಯುವ ಧೈರ್ಯ ಅವನಿಗೆ ಬರಲಿಲ್ಲ. ತಟ್ಟೆಯನ್ನು ಮೇಜಿನ ಮೇಲಿಟ್ಟು ಬಟ್ಟೆ ಮುಚ್ಚಿದ.

ಶಿವಕಾಂತಾಳಿಗೆ ಅಳು ಒತ್ತರಿಸಿ ಬಂತು. ಅಕ್ಕನೊಡನೆ ಒಂದು ರೊಟ್ಟಿ ತಿನ್ನಬೇಕೆಂದು ಇಷ್ಟು ವರ್ಷ ಬಾಯಿಬಿಟ್ಟು ಕಾದವಳಿಗೆ ತುಂಡೂ ಸಿಗಲಿಲ್ಲ. ಆದರೆ ಅಕ್ಕ ಸಿಕ್ಕಿದ್ದಳು, ಭುಜಕ್ಕೆ ಭುಜ ತಾಗಿಸಿ ಹಸಿದು ಕೂತಿದ್ದಳು. ನಾಗಪುರದ ಲಾರಿ ಬುಧವಾರ ಬರುವುದಿತ್ತು.

ಕಡೆಯ ಪ್ರಾರ್ಥನೆಗೆ ಎಲ್ಲರೂ ತಲೆ ಬಾಗಿಸಿದರು. ಕಾಶಪ್ಪ ಎರಡು ಮಾತು ಹೇಳಿ, ಬಟ್ಟೆ ಮುಚ್ಚಿದ ತಟ್ಟೆಯನ್ನು ನೋಡುತ್ತ ನಿಂತುಬಿಟ್ಟ. ಉಳಿದದ್ದನ್ನು ಅಂಬಾಬಾಯಿ ಕೂತಲ್ಲಿಂದಲೇ ಹೇಳಿ ಮುಗಿಸಿದಳು, ತಂಗಿಯ ಕೈ ಬಿಡದೆ.