ಕೋಟಿನ ಹಿಂದಿನ ಹೊಲಿಗೆ

ವರ್ಜಿಲ್ ಸ್ಟ್ಯಾಂಪರ್ ಅವರ ಕಂದು ಕೋಟಿನ ಹಿಂದೆ, ಸೀಳು ಶುರುವಾಗುವ ಜಾಗದಲ್ಲಿ, ಒಂದು ಗೇಣಿನಷ್ಟು ಹೊಲಿಗೆ ಇತ್ತು. ಒಂಬತ್ತು ವರ್ಷದಲ್ಲಿ ಅದು ಎಷ್ಟು ಸಲ ಬಿಚ್ಚಿತ್ತೋ ಯಾರಿಗೂ ನೆನಪಿಲ್ಲ. ಬಿಚ್ಚಿಸುತ್ತಿದ್ದವನು ಒಬ್ಬನೇ, ರಾಯ್ಸ್ ಟ್ಯಾಕೆಟ್. ಹೊಲಿಯುತ್ತಿದ್ದವರೂ ಒಬ್ಬರೇ, ವರ್ಜಿಲ್ ಅವರ ಹೆಂಡತಿ ನೆಡ್ರಾ.

ಕೆಲಸವೇ ಅಂಥದ್ದು. ವರ್ಜಿಲ್, ಕೆಂಟಕಿಯ ಗುಡ್ಡಗಳ ನಡುವಿನ ಸ್ಟಿಲ್‌ವೆಲ್ ಕಾಲೇಜಿನ ಬ್ಯಾಸ್ಕೆಟ್‌ಬಾಲ್ ಕೋಚ್. ಕುರ್ಚಿಯ ಮೇಲೆ ಕೂತಿರುವಷ್ಟು ಹೊತ್ತು ದೇವರಂಥ ಮನುಷ್ಯ. ರೆಫರಿ ಒಂದು ಸೀಟಿ ತಪ್ಪಾಗಿ ಊದಿದನೋ, ಮುಗೀತು. ಗೆರೆ ದಾಟಿ ಅಂಕಣದೊಳಕ್ಕೆ ನುಗ್ಗಿ ಅವನ ಜನ್ಮ ಜಾಲಾಡಿಬಿಡುತ್ತಿದ್ದರು. ಹಾಗೆ ನುಗ್ಗಿದರೆ ಟೆಕ್ನಿಕಲ್ ಫೌಲ್, ಎದುರಿನವರಿಗೆ ಪುಕ್ಕಟೆಯಾಗಿ ಎರಡು ಎಸೆತ. ಅದಕ್ಕೇ ಪಕ್ಕದಲ್ಲಿ ಕೂತ ಅಸಿಸ್ಟೆಂಟ್ ಕೋಚ್ ರಾಯ್ಸ್, ಅವರು ಎದ್ದ ತಕ್ಷಣ ಕೈಚಾಚಿ ಕೋಟಿನ ಬಾಲ ಹಿಡಿದು ಹಿಂದಕ್ಕೆ ಜಗ್ಗಬೇಕು. ನಗಬೇಡಿ. ಆಟಗಾರರನ್ನು ಹುಡುಕಿ ಕರೆತರುವುದು, ಎದುರಾಳಿಗಳ ಆಟ ನೂರು ಸಲ ನೋಡಿ ಬರೆದಿಡುವುದು, ಬಸ್ಸಿಗೆ ಹೇಳುವುದು, ಇವೆಲ್ಲ ಆದ ಮೇಲೆ ಇದೂ ಒಂದು ಕೆಲಸ. ಎಷ್ಟೋ ಕಾಲೇಜುಗಳ ಬೆಂಚಿನ ಮೇಲೆ ಇಂಥ ಒಬ್ಬ ಇರುತ್ತಾನೆ.

ನೆಡ್ರಾ ಜಾಣೆ. ಆ ಜಾಗಕ್ಕೆ ಬೇಕಂತಲೇ ಸಣ್ಣ ದಾರದಲ್ಲಿ ಸಡಿಲ ಹೊಲಿಗೆ ಹಾಕುತ್ತಿದ್ದರು. "ಹೊಲಿಗೆ ಬಿಚ್ಚಿದ್ರೆ ಮತ್ತೆ ಹಾಕಬಹುದು, ಬಟ್ಟೆ ಹರಿದ್ರೆ ಏನು ಮಾಡೋದು? ಈ ಮುದುಕ ಬೇರೆ ಕೋಟು ಮುಟ್ಟಲ್ಲ," ಅನ್ನುತ್ತಿದ್ದರು. ಪಂದ್ಯ ಮುಗಿಸಿ ಬಂದವರು ಕೋಟು ಕಳಚಿದರೆ ಸಾಕು, ನೆಡ್ರಾ ಬೆರಳಾಡಿಸಿ ನೋಡಿ, ಇವತ್ತು ರೆಫರಿ ಎಷ್ಟು ಕೆಟ್ಟವನಾಗಿದ್ದ ಅಂತ ಹೇಳಿಬಿಡುತ್ತಿದ್ದರು.

ರಾಯ್ಸ್‌ಗೆ ಈಗ ನಲವತ್ತಮೂರು. ಇಪ್ಪತ್ತೆರಡನೇ ವಯಸ್ಸಿಗೆ ಒಂದು ಕಾಲೇಜಿನಲ್ಲಿ ಟವೆಲ್ ಒಗೆಯುವುದರಿಂದ ಶುರು ಮಾಡಿದವನು. ಜಿಮ್ಮಿನ ಆಫೀಸಿನ ಸೋಫಾದ ಮೇಲೆ ಎರಡು ವರ್ಷ ಮಲಗಿದ. ಅಲ್ಲಿಂದ ಮೂರನೇ ಅಸಿಸ್ಟೆಂಟ್, ಎರಡನೇ ಅಸಿಸ್ಟೆಂಟ್, ಮತ್ತೆ ಬೇರೆ ಕಡೆ ಮೂರನೇ ಅಸಿಸ್ಟೆಂಟ್. ಈ ದಂಧೆಯಲ್ಲಿ ದೊಡ್ಡ ಕೋಚನ್ನು ಕಿತ್ತು ಹಾಕಿದರೆ ಅವನ ಜೊತೆ ಅಸಿಸ್ಟೆಂಟುಗಳನ್ನೂ ಗುಡಿಸಿ ಹೊರಗೆ ಹಾಕುತ್ತಾರೆ. ಹಾಗೆ ಐದು ಊರು ಸುತ್ತಿ, ಕೊನೆಗೆ ಕೈಯಲ್ಲಿ ಕೆಲಸವಿಲ್ಲದೆ, ಆರು ತಿಂಗಳ ಮಗಳನ್ನು ಎತ್ತಿಕೊಂಡು ನಿಂತಿದ್ದಾಗ ಕರೆದವರು ವರ್ಜಿಲ್.

"ಬಾರಯ್ಯ, ಎರಡು ವರ್ಷ ನನ್ನ ಜೊತೆ ಇರು," ಅಂದಿದ್ದರು. "ಆಮೇಲೆ ನಾನು ಮೀನು ಹಿಡೀತೀನಿ, ನೀನು ಈ ಕುರ್ಚಿ ಹಿಡ್ಕೋ."

ಎರಡು ಹೋಗಿ ಒಂಬತ್ತಾಯಿತು. ಪ್ರತಿ ಏಪ್ರಿಲ್‌ನಲ್ಲೂ ಮುದುಕ "ಇದೊಂದು ವರ್ಷ ಕಣೋ" ಅನ್ನುವುದು, ರಾಯ್ಸ್ "ಅದಕ್ಕೇನು ಕೋಚ್" ಅನ್ನುವುದು. ಬೇರೆ ಕಾಲೇಜುಗಳಿಗೆ ಸಂದರ್ಶನಕ್ಕೆ ಹೋದರೆ ಎಲ್ಲ ಕಡೆಯೂ ಒಂದೇ ಮಾತು: ಕುರ್ಚಿಯಲ್ಲಿ ಕೂತು ಅನುಭವ ಇದ್ದವರು ಬೇಕು. ಕುರ್ಚಿ ಕೊಡದೆ ಅನುಭವ ಎಲ್ಲಿಂದ ಬರಬೇಕು, ಆಕಾಶದಿಂದ ಉದುರುತ್ತದೆಯೇ?

ಅವನ ಹೆಂಡತಿ ಜೋಲೀನ್ ಒಂದು ದಿನ ಪಾತ್ರೆ ತೊಳೆಯುತ್ತಾ, ಇವನ ಕಡೆ ತಿರುಗಿಯೂ ನೋಡದೆ ಹೇಳಿದಳು. "ಅವರು ಆ ಕುರ್ಚೀಲೇ ಪ್ರಾಣ ಬಿಡ್ತಾರೆ. ನೀನು ಕೋಟು ಹಿಡ್ಕೊಂಡೇ ಮುದುಕ ಆಗ್ತೀಯ. ಈ ವರ್ಷ ಏನೂ ಆಗಲಿಲ್ಲ ಅಂದ್ರೆ ನಾನೂ ಮಗಳೂ ನಮ್ಮಕ್ಕನ ಊರಿಗೆ ಹೋಗ್ತೀವಿ. ಜಗಳ ಆಡ್ತಿಲ್ಲ ರಾಯ್ಸ್. ನನಗೆ ಸಾಕಾಗಿದೆ, ಅಷ್ಟೇ."

ಅವಳು ಜಗಳವಾಡಿದ್ದರೆ ಅವನಿಗೆ ಅಷ್ಟು ಭಯವಾಗುತ್ತಿರಲಿಲ್ಲ.

ಅದಾದ ವಾರಕ್ಕೆ, ಮಾರ್ಚ್ ಮೊದಲಲ್ಲಿ, ಕಾಲೇಜಿನ ಕ್ರೀಡಾ ವಿಭಾಗದ ಮುಖ್ಯಸ್ಥ ಪ್ರೂಯಿಟ್ ಅವನನ್ನು ಜಿಮ್ಮಿನ ಹಿಂದೆ ತನ್ನ ಗಾಡಿಗೆ ಕರೆದು ಕೂರಿಸಿಕೊಂಡ. ಪ್ರೂಯಿಟ್ ನಯವಾದ ಮನುಷ್ಯ, ಬೆಣ್ಣೆಯಲ್ಲಿ ಕೂದಲು ತೆಗೆದಂತೆ ಮಾತಾಡುವವನು.

"ಮುಂದಿನ ವಾರ ಟೂರ್ನಮೆಂಟು. ಒಂದೇ ಒಂದು ಪಂದ್ಯ ಗೆದ್ರೂ ಆಡಳಿತ ಮಂಡಳಿಯವರು ವರ್ಜಿಲ್‌ಗೆ ಇನ್ನೂ ಮೂರು ವರ್ಷ ಕೊಡ್ತಾರೆ. ಮೊದಲನೇ ಪಂದ್ಯದಲ್ಲೇ ಸೋತ್ರೆ, ಇಲ್ಲಿಗೆ ಸಾಕು ಅಂತಾರೆ. ಆಗ ಕುರ್ಚಿ ನಿನ್ನದು, ಆ ಮಾತು ನಂದು."

"ಇದನ್ನೆಲ್ಲ ನನಗ್ಯಾಕೆ ಹೇಳ್ತಿದ್ದೀರಿ?"

"ಸುಮ್ನೆ ಹೇಳಿದೆ ಕಣಯ್ಯ. ನಾನು ನಿನಗೆ ಏನು ಮಾಡು ಅಂತನೂ ಹೇಳಿಲ್ಲ."

ರಾಯ್ಸ್ ಆಗಲೇ ಗಾಡಿಯಿಂದ ಇಳಿದು ನೇರ ವರ್ಜಿಲ್ ಹತ್ತಿರ ಹೋಗಿ ಹೇಳಬೇಕಿತ್ತು. "ಸರಿ" ಅಂದ. ಆ ಒಂದು ಮಾತಿನಿಂದಲೇ ತಾನು ಕೆಟ್ಟೆ ಅಂತ ಆಮೇಲೆ ಎಷ್ಟೋ ಸಲ ಅಂದುಕೊಂಡ. ಆದರೆ ಆ ವಾರವೆಲ್ಲ ಗೆಲ್ಲುವುದಕ್ಕೇ ಕೆಲಸ ಮಾಡಿದ, ಅದರಲ್ಲಿ ಸುಳ್ಳಿಲ್ಲ. ಎದುರಾಳಿಗಳ ಹನ್ನೆರಡು ಪಂದ್ಯದ ವಿಡಿಯೋ ಕೂತು ನೋಡಿ, ಅವರ ಒಂದೊಂದು ಚಲನೆಯನ್ನೂ ಚೀಟಿಗಳಲ್ಲಿ ಬರೆದುಕೊಟ್ಟ. ವರ್ಜಿಲ್ ಅದನ್ನು ಓದಿ, "ನೀನಿಲ್ಲದಿದ್ರೆ ನಾನು ಕುರುಡ ಕಣೋ," ಅಂದರು. ಅವತ್ತು ಮಧ್ಯಾಹ್ನ ರಾಯ್ಸ್‌ಗೆ ಊಟ ಇಳಿಯಲಿಲ್ಲ.

ಪಂದ್ಯ ನಡೆದದ್ದು ಹಗಲು ಹನ್ನೊಂದು ಗಂಟೆಗೆ. ಅರ್ಧ ಖಾಲಿ ಸಭಾಂಗಣ, ಪಾಪ್‌ಕಾರ್ನ್ ವಾಸನೆ. ನೆಡ್ರಾ ಎಂದಿನ ಹಾಗೆ ಮೂರನೇ ಸಾಲಿನಲ್ಲಿ, ಮಡಿಲಲ್ಲಿ ಹೆಣಿಗೆಯ ನೂಲು ಇಟ್ಟುಕೊಂಡು ಕೂತಿದ್ದರು. ಆಟ ಕೊನೆಯವರೆಗೂ ತಕ್ಕಡಿಯ ಹಾಗೆ ಆಡುತ್ತಲೇ ಇತ್ತು. ಮೂವತ್ತೆಂಟು ಸೆಕೆಂಡು ಉಳಿದಿದ್ದಾಗ ಸ್ಟಿಲ್‌ವೆಲ್ ಒಂದು ಅಂಕ ಮುಂದೆ. ಚೆಂಡು ಸ್ಟಿಲ್‌ವೆಲ್ ಕೈಯಲ್ಲೇ. ಅವರ ಹುಡುಗ ಬುಟ್ಟಿಯತ್ತ ನುಗ್ಗಿದ, ಇವನು ಮುಟ್ಟುವ ಮೊದಲೇ ಎದುರಿನವನು ತಾನಾಗಿ ಮರ ಉರುಳಿದಂತೆ ಬಿದ್ದ. ರೆಫರಿ ಸೀಟಿ ಊದಿ ತಪ್ಪು ಸ್ಟಿಲ್‌ವೆಲ್ ಹುಡುಗನದೇ ಅಂದ. ಕುರುಡನಿಗೂ ಗೊತ್ತಾಗುವಂಥ ಅನ್ಯಾಯ.

ವರ್ಜಿಲ್ ಎದ್ದರು.

ರಾಯ್ಸ್‌ನ ಕೈ ತಾನಾಗೇ ಹೋಯಿತು. ಒಂಬತ್ತು ವರ್ಷದ ಅಭ್ಯಾಸ, ಅದಕ್ಕೆ ಯೋಚನೆ ಬೇಡ. ಕೋಟಿನ ಬಾಲ ಬೆರಳಿಗೆ ಸಿಕ್ಕಿತು. ಉಣ್ಣೆಯ ಒರಟು ಬಟ್ಟೆ, ನೆಡ್ರಾ ಹೊಲಿದ ಸಣ್ಣ ಗಂಟು, ಎರಡೂ ಗೊತ್ತಾದವು. ಜಗ್ಗಿದರೆ ಮುಗಿಯಿತು. ಅಷ್ಟರಲ್ಲಿ ಅವನಿಗೆ ಜೋಲೀನ್ ಪಾತ್ರೆ ತೊಳೆಯುತ್ತಾ ನಿಂತಿದ್ದ ಬೆನ್ನು ನೆನಪಾಯಿತು. ಬೆರಳು ಬಿಡಿಸಿದ. ಕೈ ತಂದು ತನ್ನ ಮಂಡಿಯ ಮೇಲೆ ಇಟ್ಟುಕೊಂಡ.

ವರ್ಜಿಲ್ ಅಂಕಣದ ನಡುಮಧ್ಯದವರೆಗೂ ಹೋದರು. ಹೋಗುತ್ತಾ ಒಂದು ಸಲ ಅರೆಗಳಿಗೆ ನಿಂತರು, ಯಾರೋ ಹಿಡಿಯಬೇಕಿತ್ತಲ್ಲ ಅನ್ನುವ ಹಾಗೆ. ಆಮೇಲೆ ಬಾಯಿಗೆ ಬಂದದ್ದೆಲ್ಲ ಅಂದರು. ರೆಫರಿ ಟೆಕ್ನಿಕಲ್ ಫೌಲ್ ಕೊಟ್ಟ. ಎದುರಿನವರು ಎರಡೂ ಪುಕ್ಕಟೆ ಎಸೆತ ಬುಟ್ಟಿಗೆ ಹಾಕಿದರು, ಚೆಂಡೂ ಅವರಿಗೇ ಸಿಕ್ಕಿತು. ಸ್ಟಿಲ್‌ವೆಲ್ ಮೂರು ಅಂಕದಿಂದ ಸೋತಿತು.

ಹುಡುಗರು ಬಟ್ಟೆ ಬದಲಿಸುವ ಕೋಣೆಯಲ್ಲಿ ವರ್ಜಿಲ್ ಟೋಪಿ ಕೈಯಲ್ಲಿ ಹಿಡಿದು ನಿಂತರು. "ಈ ಪಂದ್ಯ ನೀವು ಸೋತಿಲ್ಲ ಮಕ್ಕಳಾ. ನಾನು ಸೋಲಿಸಿದೆ. ಅರವತ್ತೆಂಟು ವರ್ಷ ಆದ್ರೂ ಈ ನಾಲಿಗೆ ನನ್ನ ಮಾತು ಕೇಳಲ್ಲ." ಆಮೇಲೆ ರಾಯ್ಸ್‌ನ ಹೆಗಲ ಮೇಲೆ ಕೈಯಿಟ್ಟು, ಎಲ್ಲರಿಗೂ ಕೇಳುವ ಹಾಗೆ, "ಇವನು ಹಿಡಿದ. ನನಗೆ ಗೊತ್ತು, ಹಿಡಿದ. ನಾನೇ ಎಳಕೊಂಡು ಹೋದೆ," ಅಂದರು.

ರಾಯ್ಸ್ ನೆಲ ನೋಡಿದ. ಈಗ ಹೇಳು, ಈಗ ಹೇಳು ಅಂತ ಒಳಗೆ ಒಂದು ಧ್ವನಿ ತಿವಿಯುತ್ತಿತ್ತು. ಹೇಳಲಿಲ್ಲ.

ಪ್ರೂಯಿಟ್ ಮಾತಿಗೆ ತಪ್ಪಲಿಲ್ಲ. ಹತ್ತು ದಿನಕ್ಕೆ ವರ್ಜಿಲ್‌ಗೆ ಕಾಲೇಜಿನವರು ಒಂದು ಫಲಕ ಕೊಟ್ಟು ಕೈಮುಗಿದರು. ಮಾರನೆಯ ದಿನ ರಾಯ್ಸ್‌ನ ಹೆಸರು ಪೇಪರಿನಲ್ಲಿ ಬಂತು. ಜೋಲೀನ್ ಅದನ್ನು ಕತ್ತರಿಸಿ ಫ್ರಿಜ್ಜಿಗೆ ಅಂಟಿಸಿದಳು, ಮಗಳು ಅದರ ಸುತ್ತ ನಕ್ಷತ್ರ ಬರೆದಳು. ಇಪ್ಪತ್ತೊಂದು ವರ್ಷ ಕಾದ ದಿನ ಅದು. ಅವನು ಹಾಲು ತೆಗೆಯಲು ಫ್ರಿಜ್ಜಿನ ಹತ್ತಿರ ಹೋದಾಗಲೆಲ್ಲ ಕಣ್ಣು ಬೇರೆ ಕಡೆ ಇಟ್ಟುಕೊಂಡು ಬಾಗಿಲು ತೆಗೆಯುತ್ತಿದ್ದ. ಹೆಂಡತಿಗೂ ಹೇಳಲಿಲ್ಲ. ಹೇಳಿದರೆ ಅವಳ ಬೆನ್ನು ನೆನಪಾದ ಕಥೆಯನ್ನೂ ಹೇಳಬೇಕಾಗುತ್ತದೆ, ಆಗ ಪಾಪದಲ್ಲಿ ಅವಳಿಗೂ ಪಾಲು ಹಂಚಿದ ಹಾಗೆ.

ಅದರ ಮುಂದಿನ ಭಾನುವಾರ ಚರ್ಚು ಮುಗಿದ ಮೇಲೆ ವರ್ಜಿಲ್ ಫೋನು ಮಾಡಿದರು. "ಬಂದು ನನ್ನ ನೋಟ್‌ಪುಸ್ತಕ ತಗೊಂಡು ಹೋಗು. ನಲವತ್ತು ವರ್ಷದ್ದಿದೆ. ನೆಡ್ರಾ ಬೀನ್ಸ್ ಬೇಯಿಸಿದ್ದಾಳೆ, ಮೆಕ್ಕೆಜೋಳದ ಬ್ರೆಡ್ಡಿದೆ. ಹೊಟ್ಟೆ ಖಾಲಿ ಇಟ್ಕೊಂಡು ಬಾ."

ಹೋಗುವ ದಾರಿಯುದ್ದಕ್ಕೂ ರಾಯ್ಸ್ ಒಂದೇ ಮಾತನ್ನು ಬಾಯಲ್ಲಿ ತಿರುಗಿಸಿದ. ಕೋಚ್, ನಾನು ಹಿಡಿಯಲಿಲ್ಲ. ಕೋಚ್, ನಾನು ಬಿಟ್ಟೆ. ಇವತ್ತು ಹೇಳಿಯೇ ಬಿಡುತ್ತೇನೆ, ಉಗಿದರೆ ಉಗಿಯಲಿ, ಕುರ್ಚಿ ಹೋದರೆ ಹೋಗಲಿ ಅಂತ ಗಟ್ಟಿ ಮಾಡಿಕೊಂಡ.

ಊಟಕ್ಕೆ ಕೂತಾಗ ವರ್ಜಿಲ್ ಮಾತಿಗೆ ಬಿಡುವೇ ಕೊಡಲಿಲ್ಲ. ಮೀನು, ದೋಣಿ, ಮುಂದಿನ ವರ್ಷದ ಎತ್ತರದ ಹುಡುಗ. "ಗೊತ್ತೇನೋ, ಕಾಲೇಜಿನವರು ನನ್ನ ಕೋಟನ್ನು ಗಾಜಿನ ಬೀರುವಿನಲ್ಲಿ ತೂಗು ಹಾಕ್ತಾರಂತೆ. ಸತ್ತವರ ಕೋಟು ತೂಗು ಹಾಕ್ತಾರಪ್ಪ, ನಾನಿನ್ನೂ ಬೀನ್ಸ್ ತಿಂತಾ ಇದ್ದೀನಿ." ತಾವೇ ನಕ್ಕರು. "ನೆಡ್ರಾ, ಕೊಡೋ ಮೊದ್ಲು ಹಿಂದಿನ ಹೊಲಿಗೆ ಹಾಕೇ. ಅವತ್ತು ಇವನು ಜಗ್ಗಿದ್ದಕ್ಕೆ ಪೂರ್ತಿ ಬಿಚ್ಚಿರುತ್ತೆ. ಸೋತು ಬಂದವನು ನಾನು ಅದನ್ನ ನೋಡೋಕೂ ಹೋಗಲಿಲ್ಲ."

"ಹಾಕ್ತೀನಿ," ಅಂದರು ನೆಡ್ರಾ. "ನೀವು ಮೇಲಿಂದ ಪುಸ್ತಕದ ಡಬ್ಬ ಇಳಿಸಿ."

ವರ್ಜಿಲ್ ಮೆಟ್ಟಿಲೇರಿ ಅಟ್ಟಕ್ಕೆ ಹೋದರು. ಮೇಲೆ ಹಲಗೆ ಕಿರುಗುಟ್ಟುವುದು ಕೇಳಿಸುತ್ತಿತ್ತು. ನೆಡ್ರಾ ಒಳಗಿಂದ ಕೋಟು ತಂದು, ಊಟದ ಮೇಜಿನ ಮೇಲೆ ಬೆನ್ನು ಮೇಲಾಗಿ ಹರಡಿದರು. ಹೊಲಿಗೆ ಒಂದು ಎಳೆಯೂ ಅಲುಗದೆ ಹಾಗೇ ಇತ್ತು.

"ಅವತ್ತು ಸಂಜೇನೇ ಹೊಲಿಯೋಕೆ ಕೂತೆ ರಾಯ್ಸ್," ಅಂದರು. "ಸೂಜಿಗೆ ದಾರ ಪೋಣಿಸಿ ಕೂತೆ. ಹೊಲಿಯೋಕೆ ಏನೂ ಇರಲಿಲ್ಲ."

ರಾಯ್ಸ್ ಎದ್ದು ನಿಂತ. "ನೆಡ್ರಾ ಅವರೇ..."

"ಮೂರನೇ ಸಾಲಲ್ಲಿ ಕೂತಿದ್ದೆ ನಾನು. ನಿನ್ನ ಕೈ ಬಂದಿದ್ದೂ ನೋಡಿದೆ, ಹೋಗಿದ್ದೂ ನೋಡಿದೆ. ಕೈ ಜಾರಿರಬೇಕು ಅಂದ್ಕೊಂಡೆ, ಈ ಹೊಲಿಗೆ ನೋಡೋ ತನಕ. ನನ್ನ ದಾರ ನನಗೆ ಗೊತ್ತಿಲ್ವಾ, ಮಗು ಜಗ್ಗಿದ್ರೂ ಬಿಚ್ಚುತ್ತೆ ಅದು."

"ನಾನು ಬಿಟ್ಟೆ. ಬೇಕಂತಲೇ ಬಿಟ್ಟೆ," ಅಂದ ರಾಯ್ಸ್. ಹೇಳಿದ ಕೂಡಲೇ ಕಣ್ಣು ತುಂಬಿಕೊಂಡಿತು. "ಅವರು ಕೆಳಗೆ ಬಂದ ತಕ್ಷಣ ಹೇಳ್ತೀನಿ. ಹೇಳೋಕೇ ಬಂದಿದ್ದೀನಿ. ಎರಡು ವಾರದಿಂದ ನಿದ್ದೆಯಿಲ್ಲ ನನಗೆ."

"ಹೇಳಬೇಡ."

"ಅದು ಹೇಗೆ..."

"ನೀನು ಹೇಳಿದ್ರೆ ನಿನಗೆ ನಿದ್ದೆ ಬರುತ್ತೆ. ಅವರಿಗೆ ಹೋಗುತ್ತೆ." ನೆಡ್ರಾ ಅವರ ಧ್ವನಿ ಏರಲಿಲ್ಲ, ಬೀನ್ಸಿಗೆ ಉಪ್ಪು ಸಾಕಾ ಅಂತ ಕೇಳಿದ ಹಾಗೇ ಇತ್ತು. "ತನ್ನ ಕೋಪದಿಂದ ಕೆಲಸ ಹೋಯ್ತು ಅಂತ ಅವರು ನಂಬಿದ್ದಾರೆ. ಅದನ್ನು ಅವರು ತಡ್ಕೋತಾರೆ, ಜೀವಮಾನ ಪೂರ್ತಿ ತಡ್ಕೊಂಡಿದ್ದಾರೆ. ನೀನು ಮಾಡಿದ್ದನ್ನ ತಡ್ಕೊಳ್ಳಲ್ಲ. ಮಗ ಇಲ್ಲ ನಮಗೆ, ಗೊತ್ತಲ್ಲ ನಿನಗೆ?"

ಮೇಲೆ ಡಬ್ಬ ಎಳೆದ ಸದ್ದಾಯಿತು. "ಸಿಕ್ತು!" ಅಂತ ವರ್ಜಿಲ್ ಕೂಗಿದರು.

ನೆಡ್ರಾ ಕೋಟನ್ನು ಎತ್ತಿ ಎರಡೂ ಕೈಯಲ್ಲಿ ಹೆಗಲ ಕಡೆ ಗಟ್ಟಿಯಾಗಿ ಹಿಡಿದುಕೊಂಡರು. ಬಾಲದ ತುದಿಯನ್ನು ಅವನ ಕಡೆಗೆ ಬಿಟ್ಟರು.

"ಅವರು ಬಂದು ಮೊದ್ಲು ಇದನ್ನೇ ಮುಟ್ಟಿ ನೋಡ್ತಾರೆ," ಅಂದರು. "ಜಗ್ಗು."

ಅವನು ಕದಲಲಿಲ್ಲ.

"ಅವತ್ತು ಜಗ್ಗಲಿಲ್ಲ. ಇವತ್ತು ಜಗ್ಗು."

ರಾಯ್ಸ್ ಕೈಚಾಚಿದ. ಬೆರಳಿಗೆ ಅದೇ ಒರಟು ಉಣ್ಣೆ, ಅದೇ ಸಣ್ಣ ಗಂಟು. ಜಗ್ಗಿದ. ಹೊಲಿಗೆ ಪರ್ರನೆ ಬಿಚ್ಚಿಕೊಂಡಿತು. ಅದಕ್ಕೆ ಬೇಕಾಗಿದ್ದ ಬಲ ಎಷ್ಟು ಕಡಿಮೆ ಅಂತ ತಿಳಿದು ಅವನು ಕುರ್ಚಿಯ ಮೇಲೆ ಕೂತುಬಿಟ್ಟ. ನೆಡ್ರಾ ಆಗಲೇ ಕನ್ನಡಕ ಹಾಕಿಕೊಂಡು ಸೂಜಿ ಹಿಡಿದಿದ್ದರು.

ವರ್ಜಿಲ್ ಧೂಳು ಮೆತ್ತಿದ ಡಬ್ಬ ತಂದು ನೆಲದ ಮೇಲಿಟ್ಟರು. ಉಬ್ಬಸ ಪಡುತ್ತಲೇ ಹೆಂಡತಿಯ ಭುಜದ ಮೇಲಿಂದ ಬಗ್ಗಿ, ಬಿಚ್ಚಿದ ಹೊಲಿಗೆಯ ಮೇಲೆ ಹೆಬ್ಬೆರಳಾಡಿಸಿದರು. ಅವರ ಮುಖವೆಲ್ಲ ಅರಳಿತು.

"ನೋಡಿದ್ಯೇನೇ, ನಾನು ಹೇಳ್ಲಿಲ್ವಾ? ಮೇಲಿಂದ ಕೆಳಗಿನ ತನಕ ಬಿಚ್ಚಿದೆ. ಎಷ್ಟು ಗಟ್ಟಿಯಾಗಿ ಹಿಡಿದಿದ್ದ ನಮ್ಮ ಹುಡುಗ."

"ಹೌದು," ಅಂದರು ನೆಡ್ರಾ, ತಲೆ ಎತ್ತದೆ. "ರಾಯ್ಸ್, ಒಲೆ ಮೇಲೆ ಸೇಬಿನ ಪೈ ಇದೆ, ತಗೊಂಡು ತಿನ್ನಪ್ಪ."

ಅವನು ಎದ್ದು ಹೋಗಿ ಒಂದು ತುಂಡು ಹಾಕಿಕೊಂಡು, ಅವರಿಬ್ಬರ ಮುಂದೆ ಕೂತು, ಪೂರ್ತಿ ತಿಂದ.