ಬಂಟನ ಮುಡಿ

ಊರಿಗೆ ಕಾಲುವೆಯ ನೀರು ಬಂದಿತ್ತು. ನೀರಿನ ಹಿಂದೆ ಭತ್ತ, ಭತ್ತದ ಹಿಂದೆ ವೆಂಕೋಬ ಸಾಹುಕಾರನ ಅಕ್ಕಿ ಗಿರಣಿ, ಗಿರಣಿಯ ಹಿಂದೆ ಸಾಹುಕಾರನ ಹೊಟ್ಟೆ, ಹೀಗೆ ಎಲ್ಲವೂ ಕ್ರಮವಾಗಿ ಬಂದಿದ್ದವು. ಬಾರದೆ ಉಳಿದಿದ್ದುದು ಪವಾಡವೊಂದೇ. ತುರ್ವಿಹಾಳದ ಆಚೆ ಎಲ್ಲಿಯೋ ಬೇವಿನ ಮರ ಹಾಲು ಸುರಿಸಿತೆಂದು ಜನ ಬಸ್ಸು ತುಂಬಿ ಹೋಗುತ್ತಿದ್ದ ಕಾಲ ಅದು. ಇಷ್ಟು ಭತ್ತ ಬೆಳೆಯುವ ಊರಿಗೆ ಒಂದು ಮರವೂ ಹಾಲು ಕೊಡದಿರುವುದು ಸಾಹುಕಾರನಿಗೆ ಅವಮಾನವಾಗಿ ತೋರುತ್ತಿತ್ತು.

ಊರ ಹೊರಗೆ ಮೈಲಾರಲಿಂಗನ ಗುಡಿ. ಅದರ ಪೂಜಾರಿ ದುರುಗಪ್ಪ. ಗುಡಿಯ ಮುಂದಿನ ಚಪ್ಪಟೆ ಬಂಡೆಯ ಮೇಲೆ ಹರಕೆಯವರ ತಲೆ ಬೋಳಿಸಿ ಕೂದಲನ್ನು ದೇವರಿಗೆ ಒಪ್ಪಿಸುವುದು ಅಲ್ಲಿಯ ಪದ್ಧತಿ. ಊರಿನ ಸಕಲರ ಮುಡಿಯನ್ನೂ ಆ ಬಂಡೆಯ ಮೇಲೆ ಇಳಿಸಿದ್ದ ದುರುಗಪ್ಪನ ಕೇಶರಾಶಿ ಮಾತ್ರ ಬೆನ್ನಿನವರೆಗೆ ಇಳಿದಿತ್ತು. ಅದಕ್ಕೆ ನಿತ್ಯ ಕೊಬ್ಬರಿ ಎಣ್ಣೆಯ ಅಭ್ಯಂಜನ. ಲಿಂಗಕ್ಕೆ ಅಮಾವಾಸ್ಯೆಗೊಮ್ಮೆ.

ಆ ಸುಗ್ಗಿ ಮುಗಿದ ಮೇಲೆ ಕುರಿಗಾರ ಹೆಂಗಸು ಕನಕಮ್ಮ ಗುಡಿಯ ಪಕ್ಕದ ಸಾಹುಕಾರನ ಗದ್ದೆಯಲ್ಲಿ, ಗೊಬ್ಬರಕ್ಕೆಂದು, ತನ್ನ ಕುರಿಮಂದೆಯನ್ನು ತರುಬಿದ್ದಳು. ಮಂದೆಗೆ ಕಾವಲು ಬಂಟ ಎಂಬ ಕರಿಯ ನಾಯಿ. ಅದಕ್ಕೆ ಮೊದಲು ಕಿವಿಯ ಅಂಚಿನಲ್ಲಿ, ಆಮೇಲೆ ಮೊಣಕೈಯಲ್ಲಿ, ಆಮೇಲೆ ಹೊಟ್ಟೆಯ ಮೇಲೆಲ್ಲ ಕೂದಲು ಉದುರಿ ಹಕ್ಕಳೆಗಳು ಎದ್ದವು. ಹಗಲಿರುಳೂ ಕೆರೆದುಕೊಳ್ಳುವ ನಾಯಿ ಕಾವಲು ಕಾಯುವುದೆಂತು? ತೋಳ ಒಂದು ಮರಿಯನ್ನು ಒಯ್ದಿತು. ಆ ಭಾನುವಾರ ಕನಕಮ್ಮ ಬಂಟನನ್ನು ಗುಡಿಯ ಮುಂದೆ, ಬಂಡೆಯ ಪಕ್ಕದ ನೆರಳಿನಲ್ಲಿ ಕಟ್ಟಿ, ಮದ್ದು ಕೇಳಿಕೊಂಡು ಬರಲು ಸಿಂಧನೂರಿನ ದನದ ದವಾಖಾನೆಗೆ ಹೋದಳು.

ಅವಳು ಮರಳಿ ಬರುವಷ್ಟರಲ್ಲಿ ಬಂಟನ ಕೊರಳಲ್ಲಿ ಚೆಂಡು ಹೂವಿನ ಮಾಲೆಯಿತ್ತು. ಮೈತುಂಬ ಭಂಡಾರದ ಅರಿಸಿನ. ಮುಂದೆ ಹಾಲಿನ ಬಟ್ಟಲು. ಸುತ್ತ ಊರೇ ನೆರೆದು "ಏಳು ಕೋಟಿಗೋ" ಎಂದು ಕೂಗುತ್ತಿತ್ತು.

"ನಿನ್ನ ನಾಯಿ ಪುಣ್ಯವಂತ ಐತಿ ಬೇ ಕನಕವ್ವ," ಎಂದ ದುರುಗಪ್ಪ. "ಐತವಾರದ ದಿನ ಮುಡಿ ಕೊಡೂ ಬಂಡೆಗಲ್ಲ ಮ್ಯಾಲೆ ಮಕ್ಕೊಂಡು ತಾನ ತನ್ನ ಮುಡಿ ಕೊಟ್ಟೈತಿ. ನೋಡು, ಕೂದ್ಲ ಬಿದ್ದಾವ."

"ಅದು ಮುಡಿ ಅಲ್ರಿ ಯಪ್ಪಾ, ಕಜ್ಜಿ. ಚರ್ಮದಾಗ ಕಣ್ಣಿಗೆ ಕಾಣದ ಹುಳ ಹೊಕ್ಕಾವಂತ. ದವಾಖಾನಿ ಡಾಕ್ಟರು ಖಾದರಬಾಷಾ ಹೇಳ್ಯಾರ. ಮುಟ್ಟಿದವ್ರಿಗೂ ತುರಿಕಿ ಹತ್ತತೈತಂತ. ದೂರ ಸರೀರಿ."

"ಕಣ್ಣಿಗೆ ಕಾಣದ ಹುಳ ಅಂದ್ರ ನಂಬ್ತಿ, ಕಣ್ಣಿಗೆ ಕಾಣದ ದೇವ್ರು ಅಂದ್ರ ನಂಬಂಗಿಲ್ಲೇನು?"

ಜನ ತಲೆದೂಗಿದರು. ಇಂಥ ತರ್ಕವನ್ನು ಅವರು ಅದುವರೆಗೆ ಕೇಳಿರಲಿಲ್ಲ.

"ದೇವ್ರನ್ನೂ ನಂಬ್ತೀನ್ರಿ. ದೇವ್ರು ಹಿಂಗ ಕೆರಕೊಳ್ಳಾಕ ಹಚ್ಚಂಗಿಲ್ಲಲ್ರಿ," ಎಂದು ಅವಳು ಹಗ್ಗಕ್ಕೆ ಕೈಹಾಕಿದಳು.

ವೆಂಕೋಬ ಸಾಹುಕಾರ ಅಡ್ಡ ನಿಂತ. "ಕೈ ತಗೀ. ಇನ್ ಮ್ಯಾಲೆ ಇದು ಊರ ನಾಯಿ. ಔಷಧ ಗಿವಷಧ ಹಚ್ಚಿದ್ರ ದೇವ್ರಿಗೆ ಅಪಚಾರ. ಇಲ್ಲಂದ್ರ ನೀ ಕುರಿ ತರುಬಾಕ ಬ್ಯಾರೆ ಗದ್ದಿ ನೋಡ್ಕೊಬೇಕಾಕ್ಕೈತಿ."

ಕನಕಮ್ಮ ಡಾಕ್ಟರು ಕೊಟ್ಟಿದ್ದ ಗಂಧಕದ ಪೊಟ್ಟಣವನ್ನು ಸೆರಗಿನಲ್ಲಿ ಕಟ್ಟಿಕೊಂಡು ಮಂದೆಯ ಕಡೆಗೆ ನಡೆದಳು.

ಮುಂದಿನ ಭಾನುವಾರಗಳಲ್ಲಿ ಮಸ್ಕಿಯಿಂದಲೂ ಲಿಂಗಸುಗೂರಿನಿಂದಲೂ ಬಂಡಿಗಳು ಬಂದವು. ಸಾಹುಕಾರ ತಗಡಿನ ಚಪ್ಪರ ಹಾಕಿಸಿ ಅದರ ಮೇಲೆ ತನ್ನ ಹೆಸರನ್ನು ದೇವರ ಹೆಸರಿಗಿಂತ ದಪ್ಪವಾಗಿ ಬರೆಸಿದ. ಭಕ್ತರು ಬಂಟನ ಮೈಗೆ ಭಂಡಾರ ತಿಕ್ಕಿ, ಅದನ್ನೇ ತಮ್ಮ ತೋಳಿಗೆ ಹಚ್ಚಿಕೊಂಡು, ಉದುರಿದ ಕೂದಲನ್ನು ಸೊಂಟದ ಗಂಟಿನಲ್ಲಿ ಕಟ್ಟಿಕೊಂಡು ಹೋದರು. ಹುಳಗಳೂ ಅವರೊಡನೆ ಹೋದವು. ಪಕ್ಷಪಾತವಿಲ್ಲದೆ ಪ್ರಸಾದ ಹಂಚಿದ್ದು ಆ ಗುಡಿಯಲ್ಲಿ ಅದೇ ಮೊದಲು. ಕೆಲವೇ ದಿನಗಳಲ್ಲಿ ಮಂಗಳಾರತಿಯ ಹೊತ್ತಿಗೆ ಅರ್ಧ ಸಭೆ ತೋಳು ಕೆರೆಯುತ್ತಿತ್ತು, ಉಳಿದರ್ಧ ಸೊಂಟ. ದುರುಗಪ್ಪ ಒಂದು ಕೈಯಲ್ಲಿ ಗಂಟೆ ಬಾರಿಸುತ್ತ ಇನ್ನೊಂದನ್ನು ಧೋತರದೊಳಗೆ ಬಿಡುತ್ತಿದ್ದ.

"ಮೈಯಾಗ ದೇವ್ರು ಬರಾಕತ್ತಾನ. ಅದಕ್ಕ ಹಿಂಗ ಚುರುಚುರು ಅಂತೈತಿ," ಎಂದು ಅವನು ವ್ಯಾಖ್ಯಾನ ಮಾಡಿದ. ಭಕ್ತರು ಇನ್ನಷ್ಟು ಭಕ್ತಿಯಿಂದ ಕೆರೆದುಕೊಂಡರು.

ದೇವರು ಇದಾವುದನ್ನೂ ಕೇಳಿರಲಿಲ್ಲ. ಕೇಳುವ ಅಭ್ಯಾಸ ಅವನಿಗಿಲ್ಲ. ಅದು ಅವನ ಸುತ್ತ ನಿಲ್ಲುವವರ ಅಭ್ಯಾಸ.

ಇತ್ತ ಬಂಟನ ಚರ್ಮ ಆನೆಯ ಚರ್ಮದಂತೆ ದಪ್ಪಗಟ್ಟಿ ಬಿರಿಯಿತು. ಬಟ್ಟಲ ಹಾಲನ್ನು ನೊಣಗಳು ಕುಡಿದವು. ತೋಳ ಮತ್ತೊಂದು ಮರಿಯನ್ನು ಒಯ್ದಿತು. ಇನ್ನು ಕೆಲವು ದಿನ ಹೀಗೆಯೇ ಬಿಟ್ಟರೆ ನಾಯಿಗೆ ಸಮಾಧಿ ಕಟ್ಟಿ ಅದಕ್ಕೂ ಪೂಜೆ ಹಚ್ಚುವರೆಂಬುದು ಕನಕಮ್ಮನಿಗೆ ಸ್ಪಷ್ಟವಾಯಿತು. ಜಗಳಕ್ಕೆ ಬಗ್ಗದ ಪೂಜಾರಿಯನ್ನು ಶಾಸ್ತ್ರದಿಂದಲೇ ಹಿಡಿಯಬೇಕೆಂದುಕೊಂಡಳು.

ಮುಂದಿನ ಭಾನುವಾರ, ಪರಸ್ಥಳದ ಭಕ್ತರೆಲ್ಲ ಕುಳಿತಿರುವಾಗ, ಅವಳು ಎದ್ದು ನಿಂತು ಕೈಮುಗಿದಳು.

"ಪೂಜಾರಪ್ಪ, ಒಂದು ಮಾತು ಕೇಳ್ತೀನ್ರಿ. ನನ್ನ ಮಗಳು ಗದ್ದೆವ್ವನ ಮುಡಿ ತಗಿಸಿದಾಗ ಎಣ್ಣಿ ಹಚ್ಚಿ ಮೈ ತೊಳಿಸೂತನಕ ನೀವು ಹೊಸ್ತಿಲ ದಾಟಾಕ ಬಿಡಲಿಲ್ಲ. ಹೌದಲ್ರಿ?"

"ಹೌದು ಮತ್ತ. ಎಣ್ಣಿ-ನೀರು ಆಗದ ಮುಡಿ ದೇವ್ರಿಗೆ ಮುಟ್ಟಂಗಿಲ್ಲ."

"ಬಂಟಗ ಎಣ್ಣಿ-ನೀರು ಯಾವಾಗ ಆತ್ರಿ?"

ಮಸ್ಕಿಯ ಮುದುಕಿಯೊಬ್ಬಳು, "ಅಯ್ಯ ಶಿವನ! ಅರ್ಧ ಹರಕಿಗೆ ನಾವು ಕಾಯಿ ಒಡಿಯಾಕತ್ತೀವೇನು?" ಎಂದಳು. ಸಭೆ ಗುಜುಗುಜು ಎಂದಿತು.

"ಆಗ್ಬೇಕು, ಆಗ್ಬೇಕು," ಎಂದು ದುರುಗಪ್ಪ ಗಡಬಡಿಸಿದ. "ನಾನ ಹೇಳಾಂವಿದ್ದೆ."

ಹೀಗೆ ಚಿಕಿತ್ಸೆ ಆರಂಭವಾಯಿತು, ಡೊಳ್ಳು ಜಾಗಟೆಗಳ ಸಮೇತ. ಕನಕಮ್ಮ ಡಾಕ್ಟರು ಹೇಳಿದ್ದಂತೆಯೇ ಮಾಡಿದಳು. ಉಳಿದ ಕೂದಲನ್ನೂ ಕತ್ತರಿಸಿದಳು. ಸಾಬೂನು ಹಚ್ಚಿ ಹಕ್ಕಳೆ ನೆನೆಸಿ ತೊಳೆದಳು. ಹೊಂಗೆ ಎಣ್ಣೆಯಲ್ಲಿ ಗಂಧಕ ಕಲಸಿ ಮೈಗೆಲ್ಲ ಹಚ್ಚಿ, ಒಣಗುವವರೆಗೆ ನೆಕ್ಕದಂತೆ ಬಾಯಿ ಕಟ್ಟಿದಳು. ಅದು ಮಲಗುತ್ತಿದ್ದ ಗೋಣಿತಟ್ಟನ್ನು ಸುಟ್ಟಳು. ಕೊನೆಗೆ ತನ್ನ ಕೈಯನ್ನೂ ಸಾಬೂನಿನಿಂದ ಉಜ್ಜಿ ತೊಳೆದಳು. ಭಕ್ತರು ಪ್ರತಿಯೊಂದಕ್ಕೂ "ಏಳು ಕೋಟಿಗೋ" ಎಂದರು. ವಾರಕ್ಕೊಮ್ಮೆ ಹೀಗೆ ನಡೆಯಬೇಕೆಂದು ಕನಕಮ್ಮ ಹೇಳಿದಾಗ ದುರುಗಪ್ಪ ಹಿಗ್ಗಿದ. ಅದಕ್ಕೆ 'ಗಂಧಕಾಭಿಷೇಕ' ಎಂದು ಹೆಸರಿಟ್ಟು, ಅದು ಅನಾದಿಕಾಲದಿಂದ ಬಂದ ವಿಧಿಯೆಂದು ಸಾರಿದ.

ವಾರಗಳು ಕಳೆದವು. ಬಂಟ ಕೆರೆದುಕೊಳ್ಳುವುದನ್ನು ಬಿಟ್ಟಿತು, ರೊಟ್ಟಿ ತಿಂದಿತು. ಒಂದು ಭಾನುವಾರ, ಅರಿಸಿನ ತೊಳೆದ ಮೈಯ ಮೇಲೆ ಕರಿಯ ಕೂದಲು ಮಖಮಲ್ಲಿನಂತೆ ಎದ್ದು ನಿಂತುದು ಎಲ್ಲರ ಕಣ್ಣಿಗೂ ಬಿತ್ತು.

ಡೊಳ್ಳು ನಿಂತಿತು.

"ಕೊಟ್ಟ ಮುಡಿ ವಾಪಸ್ ತಗೊಂಡೈತಿ!" ಎಂದ ಲಿಂಗಸುಗೂರಿನ ಭಕ್ತ.

"ದೇವ್ರಿಗೆ ದಗಾ!" ಎಂದ ಇನ್ನೊಬ್ಬ.

ಸಾಹುಕಾರ ಪೂಜಾರಿಯ ಕಿವಿಯಲ್ಲಿ, "ಬೋಳ್ಸಲೇ ಲಗೂನ," ಎಂದ. ದುರುಗಪ್ಪ ಕ್ಷೌರದ ಕತ್ತಿ ಹಿಡಿದು ಮುಂದೆ ಬಂದ. ಆದರೆ ಬಂಟ ಈಗ ಆರೋಗ್ಯವಂತ ನಾಯಿ. ಅದು ತನ್ನ ಹಲ್ಲುಗಳನ್ನೆಲ್ಲ ಒಂದೊಂದಾಗಿ ತೋರಿಸಿತು. ದುರುಗಪ್ಪ ನಿಂತಲ್ಲಿಯೇ ಭವಿಷ್ಯವನ್ನು ಕಂಡು, ಕತ್ತಿ ಮಡಚಿ, ಸ್ವರವೇರಿಸಿ ಘೋಷಿಸಿದ: "ದೇವದ್ರೋಹಿ ನಾಯಿ ಇದು! ಇನ್ನ ಗುಡಿ ಕಟ್ಟಿ ಮ್ಯಾಲೆ ಕಾಲಿಡಬಾರದು. ಎಳಕೊಂಡು ಹೋಗ ಬೇ ಕನಕವ್ವ!"

"ದೊಡ್ಡ ಶಿಕ್ಷಾ ಕೊಟ್ರಿ ಯಪ್ಪಾ," ಎಂದು ಕನಕಮ್ಮ ಮುಖ ಬಾಡಿಸಿಕೊಂಡು ಹಗ್ಗ ಬಿಚ್ಚಿದಳು. ಬಾಡಿದ ಮುಖ ಗದ್ದೆಯ ಬದು ದಾಟುವವರೆಗೆ ಹಾಗೆಯೇ ಇತ್ತು. ಆಮೇಲೆ ಇರಲಿಲ್ಲ.

ಮರುದಿನ ಮುಂಜಾನೆ ದುರುಗಪ್ಪ ಕಾಲುವೆಯ ಏರಿಯ ಮೇಲೆ ಒಬ್ಬನೇ ಬಂದ, ಎರಡೂ ಕೈ ಧೋತರದೊಳಗೆ.

"ಬೇ ಕನಕವ್ವ, ಆ ಎಣ್ಣಿ ಒಂದೀಟು ಉಳದೈತೇನು?"

"ನಿಮಗ್ಯಾಕ್ರಿ? ನಿಮ್ಮ ಮೈಯಾಗ ದೇವ್ರು ಬಂದಾನಂತಲ್ರಿ. ಔಷಧ ಹಚ್ಚಿದ್ರ ಅಪಚಾರ."

"ಚಾಷ್ಟಿ ಸಾಕು ಬೇ. ನಿದ್ದಿ ಮಾಡಿ ತಿಂಗಳಾತು."

ಕನಕಮ್ಮ ಎಣ್ಣೆಯ ಕುಡಿಕೆ ತಂದಳು, ಆದರೆ ಕೈಗೆ ಕೊಡಲಿಲ್ಲ. ಅವನ ಬೆನ್ನ ಮೇಲಿನ ಕೇಶರಾಶಿಯನ್ನು ನೋಡಿದಳು.

"ಕೊಡ್ತೀನ್ರಿ. ಆದ್ರ ನೀವ ಹೇಳಿದ ವಿಧಿ ಐತಲ್ಲ? ಮೊದ್ಲ ಮುಡಿ, ಆಮ್ಯಾಲೆ ಎಣ್ಣಿ."

ದುರುಗಪ್ಪ ಕುಡಿಕೆಯನ್ನು ನೋಡಿದ, ಬಂಡೆಯನ್ನು ನೋಡಿದ, ಕೆರೆದುಕೊಂಡ.

ಸಂಜೆ ಬೋಳು ತಲೆಯೊಂದು ಗದ್ದೆಯ ಬದುವಿನ ಮೇಲೆ ಬರುವುದನ್ನು ಬಂಟ ಕಂಡಿತು. ಗುರುತು ಸಿಗಲಿಲ್ಲ. ಮಂದೆಯ ಕಡೆಗೆ ಬರುವ ಪರಕೀಯನನ್ನು ಕಾವಲು ನಾಯಿ ಹೇಗೆ ಎದುರುಗೊಳ್ಳಬೇಕೋ ಹಾಗೆಯೇ ಎದುರುಗೊಂಡು, ಕಾಲುವೆಯವರೆಗೂ ಅಟ್ಟಿಕೊಂಡು ಹೋಯಿತು.